ಕೊಳ್ಳೇಗಾಲದಿಂದ ಬಂದ ಕೋರಿಕೆ

ಹೋದ ತಿಂಗಳು ತಂಗಿಯ ಮಗಳು ನನ್ನನ್ನು ದಟ್ಟಗಳ್ಳಿಯ ಹೊಸ ಕಾಫಿ ಅಂಗಡಿಯೊಂದಕ್ಕೆ ಎಳೆದುಕೊಂಡು ಹೋದಳು. ಈಗಿನ ಕಾಫಿ ಅಂಗಡಿಗಳಿಗೆ ನಮ್ಮ ಕಾಲದ ಹಳೇ ಸಾಮಾನುಗಳ ಮೇಲೆ ಎಲ್ಲಿಲ್ಲದ ಪ್ರೀತಿ. ಗೋಡೆಗೆ ಲಾಟೀನು, ತಾಮ್ರದ ಹಂಡೆಯೊಳಗೆ ಪ್ಲಾಸ್ಟಿಕ್ ಗಿಡ. ನಾವು ಕೂತಿದ್ದ ಮೇಜಿನ ಪಕ್ಕದ ಗೂಡಿನಲ್ಲಿ ಕಂದು ಚರ್ಮದ ಕವರು ತೊಡಿಸಿದ ಒಂದು ಟ್ರಾನ್ಸಿಸ್ಟರ್ ಇತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅದನ್ನೆತ್ತಿ ಮೂಗಿನ ಹತ್ತಿರ ಹಿಡಿದೆ. ಹಳೇ ಚರ್ಮದ ವಾಸನೆ, ಅದರ ಜೊತೆಗೆ ಸೋರಿ ಒಣಗಿದ ಸೆಲ್ಲಿನ ಪುಡಿಯ ವಾಸನೆ… ಆಮೇಲೆ ಕಾಫಿ ಸೇರಲಿಲ್ಲ. ಹುಡುಗಿ "ಏನ್ ದೊಡ್ಡಮ್ಮ, ಹಳೇ ನೆನಪಾ?" ಎಂದು ಕಣ್ಣು ಮಿಟುಕಿಸಿದಳು. ಈ ಕಾಲದವರಿಗೆ ಹಳೇ ನೆನಪು ಎಂದರೆ ಅದು ಸಿಹಿಯಾಗಿಯೇ ಇರಬೇಕು. ನಾನು ಹ್ಞೂ ಎಂದೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಕನ್ನಡ ಎಂ.ಎ. ಓದಲು ಮೈಸೂರಿಗೆ ಬಂದೆ. ಹಾಸ್ಟೆಲಿನಲ್ಲಿ ಸೀಟು ಸಿಗದೆ ಬೋಗಾದಿಯಲ್ಲಿ ಒಂದು ರೂಮು ಹಿಡಿದೆ. ಆಗ ಬೋಗಾದಿ ಇನ್ನೂ ಹಳ್ಳಿಯೇ. ಬಸ್ಸು ಇಳಿದರೆ ಸಗಣಿ ವಾಸನೆ, ಎರಡು ಹೆಜ್ಜೆ ಆಚೆಗೆ ರಾಗಿ ಹೊಲ. ಮನೆಯ ಯಜಮಾನರು ಪೇಟೆಯಲ್ಲಿ ವಿಭೂತಿ, ರುದ್ರಾಕ್ಷಿ, ಪೂಜೆ ಸಾಮಾನಿನ ಅಂಗಡಿ ಇಟ್ಟಿದ್ದರು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿದ್ದದ್ದು ಅವರು, ಅವರ ಮಗಳು, ಕಾವೇರಿ ಎಂಬ ಒಂದು ಹಸು, ಅಷ್ಟೇ. ಮಗಳಿಗೆ ಆಗ ಇಪ್ಪತ್ತೊಂಬತ್ತು ವಯಸ್ಸು. ಸೀರೆಗಳಿಗೆ ಫಾಲ್ ಹಾಕಿಕೊಡುತ್ತಿದ್ದಳು. ನಾನು ಅವಳನ್ನು ಅಕ್ಕ ಎಂದು ಕರೆದೆ, ಈಗಲೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆಯಲು ನನಗೆ ಮುಖವಿಲ್ಲ.

ನಾನು ಹೋದ ಮೂರನೇ ತಿಂಗಳಿಗೆ ಅಕ್ಕ ಎಲ್ಲವನ್ನೂ ಹೇಳಿದಳು. ನನಗಿಂತ ಮುಂಚೆ ಆ ರೂಮಿನಲ್ಲಿ ಒಬ್ಬರಿದ್ದರಂತೆ. ಭೂಮಾಪನ ಇಲಾಖೆಯಲ್ಲಿ ಸರ್ವೇಯರ್, ಮಂಡ್ಯದ ಕಡೆಯ ಒಕ್ಕಲು ಮನೆತನದ ಹುಡುಗ. ಎರಡು ವರ್ಷ ಅಲ್ಲೇ ಇದ್ದು ಕೊಳ್ಳೇಗಾಲಕ್ಕೆ ವರ್ಗವಾಗಿ ಹೋದ. ಹೋಗುವಾಗ "ನಮ್ಮಪ್ಪನ್ನ ಒಪ್ಪಿಸ್ಕಂಡು ಬತ್ತೀನಿ, ಅಲ್ಲಿಗಂಟ ಕಾಯ್ತಿರಿ" ಎಂದಿದ್ದನಂತೆ. ಆಮೇಲೆ ಮೂರು ಕಾಗದ ಬಂದವು. ಅಕ್ಕ ಅವನ್ನು ನನಗೆ ಓದಲು ಕೊಟ್ಟಳು. ಮೂರರಲ್ಲೂ ಇದ್ದದ್ದು ಒಂದೇ: ಇಲ್ಲಿ ಬಿಸಿಲು ಜಾಸ್ತಿ, ಮೆಸ್ಸಿನ ಊಟ ಸರಿ ಇಲ್ಲ, ನಿಮ್ಮ ತಂದೆಯವರಿಗೆ ನಮಸ್ಕಾರ. ಆಗ ನನಗೆ ಇಪ್ಪತ್ತೆರಡು. ತಲೆತುಂಬ ವಿರಹದ ಪದ್ಯಗಳನ್ನು ತುಂಬಿಕೊಂಡಿದ್ದವಳಿಗೆ ಅದರಲ್ಲೂ ಒಲವು ಕಂಡಿತು. ಎಷ್ಟು ಸಂಯಮದ ಪ್ರೀತಿ ಎಂದು ಮೆಚ್ಚಿಕೊಂಡೆ. ಬಿಸಿಲು ಜಾಸ್ತಿ ಎಂದು ಬರೆದವನಿಗೆ ಹೇಳಲು ಬೇರೇನೂ ಇರಲಿಲ್ಲ ಎಂದು ನನಗೆ ಹೊಳೆಯಲಿಲ್ಲ. ನಾಲ್ಕನೇ ಕಾಗದ ಬರಲೇ ಇಲ್ಲ.

ಅವನು ಬಿಟ್ಟು ಹೋದದ್ದು ಒಂದು ಟ್ರಾನ್ಸಿಸ್ಟರ್. ತನಗೆ ಬೇಜಾರಾಗದಿರಲಿ ಎಂದು ಬಿಟ್ಟು ಹೋಗಿದ್ದಾರೆ ಎಂದು ಅಕ್ಕ ನಂಬಿದ್ದಳು. ಅದನ್ನು ದಿನಾ ಒರೆಸುತ್ತಿದ್ದಳು. ಸೆಲ್ಲು ಸೋತಾಗ ತೆಗೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಸಾಲಾಗಿ ಇಡುತ್ತಿದ್ದಳು. ಬಿಸಿಲು ಕುಡಿದ ಸೆಲ್ಲು ಇನ್ನೊಂದೆರಡು ದಿನ ಹಾಡುತ್ತಿತ್ತು. ಒಮ್ಮೆ ಪೂರಾ ಕೆಟ್ಟಿದ್ದಾಗ ಶಿವರಾಂಪೇಟೆಗೆ ಹೊತ್ತುಕೊಂಡು ಹೋಗಿ ರಿಪೇರಿ ಮಾಡಿಸಿಕೊಂಡು ಬಂದದ್ದನ್ನೂ ಹೇಳಿದ್ದಳು. ಅದು ಯಾವಾಗ ಎಂದು ನಾನು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಕೇಳುಗರು ಕೋರಿದ ಚಿತ್ರಗೀತೆಗಳು ಬರುತ್ತಿದ್ದವು. ಆ ಕಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕಾರ್ಡಿನಲ್ಲಿ ಹಾಡಿನ ಸಾಲು, ಚಿತ್ರದ ಹೆಸರು, ಕೆಳಗೆ ಊರು, ಕೇಳಬಯಸುವವರ ಹೆಸರುಗಳು. ಒಂದೇ ಹಾಡಿಗೆ ಬಂದ ಕಾರ್ಡುಗಳನ್ನೆಲ್ಲ ಒಟ್ಟು ಸೇರಿಸಿ ಊರೂರಿನ ಹೆಸರುಗಳನ್ನು ಓದಿ, ಆಮೇಲೆ ಹಾಡು ಹಾಕುತ್ತಿದ್ದರು. ಮೈಸೂರಿನ ರೇಡಿಯೋ ಕೊಳ್ಳೇಗಾಲದಲ್ಲೂ ಕೇಳಿಸುತ್ತದೆ ಎಂಬುದನ್ನು ಅಕ್ಕ ಅಲ್ಲಿಂದ ಬಂದ ನೆಂಟರೊಬ್ಬರ ಹತ್ತಿರ ವಿಚಾರಿಸಿ ಗಟ್ಟಿ ಮಾಡಿಕೊಂಡಿದ್ದಳು. ವಾರಕ್ಕೊಂದು ಕಾರ್ಡು ಹಾಕುತ್ತಿದ್ದಳು. ಮದುವೆಯಾದ ಹೆಂಗಸಾದರೆ ಕಾರ್ಡಿನಲ್ಲಿ ಗಂಡನ ಹೆಸರು ಮೊದಲು ಬರಬೇಕು. ತನ್ನ ಹೆಸರು ಗಂಡಸಿನ ಹೆಸರಿಲ್ಲದೆ ಬಂದರೆ ಅವನಿಗೆ ತಿಳಿಯುತ್ತದೆ, ಇವಳಿನ್ನೂ ಹಾಗೇ ಇದ್ದಾಳೆ ಎಂದು. ಅದು ಅವಳ ಲೆಕ್ಕಾಚಾರ. ಆದರೆ ಒಂಟಿ ಹೆಣ್ಣಿನ ಹೆಸರು ಹೀಗೆ ವಾರವಾರವೂ ರೇಡಿಯೋದಲ್ಲಿ ಬಂದರೆ ಬೋಗಾದಿಯ ಬಾಯಿ ಸುಮ್ಮನಿರುತ್ತದೆಯೇ? ಅದಕ್ಕೆ ಪಕ್ಕದಲ್ಲಿ ನನ್ನ ಹೆಸರು ಸೇರಿಸುತ್ತಿದ್ದಳು. ಎರಡೂ ಸಾಲದೆನಿಸಿ ಕಾವೇರಿಯ ಹೆಸರನ್ನೂ ಬರೆಯುತ್ತಿದ್ದಳು. ರೇಡಿಯೋದ ಹೆಂಗಸು ಗಂಭೀರವಾಗಿ ಮೂರೂ ಹೆಸರು ಓದಿದಾಗ ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು. ಕೊಟ್ಟಿಗೆಯಲ್ಲಿ ಮೂರನೆಯವಳು ಮೆಲುಕು ಹಾಕುತ್ತಿದ್ದಳು.

ಹಾಡು ಮಾತ್ರ ಯಾವಾಗಲೂ ಒಂದೇ. ಅವನು ರೂಮಿನಲ್ಲಿದ್ದಾಗ ಗುನುಗುತ್ತಿದ್ದ ಹಾಡಂತೆ. ಹೋದವನಿಗಾಗಿ ಹೊಸಿಲ ಮೇಲೆ ದೀಪ ಹಚ್ಚಿಟ್ಟು ನಿಂತ ಹೆಣ್ಣಿನ ಹಾಡು. ಮೊದಲ ಚರಣದಲ್ಲಿ ಅವಳು ಗಾಳಿಯ ಸದ್ದನ್ನು ಅವನ ಹೆಜ್ಜೆಯೆಂದು ತಿಳಿದು ಓಡಿ ಬರುತ್ತಾಳೆ. ಎರಡನೆಯದರಲ್ಲಿ ಕೂದಲು ನೆರೆಯುತ್ತದೆ, ಆದರೂ ನಿಂತೇ ಇರುತ್ತಾಳೆ. ಕೊನೆಯಲ್ಲಿ ಅವಳ ಕಣ್ಣೇ ದೀಪವಾಗುತ್ತದೆ. ನಾಲ್ಕು ನಿಮಿಷದಲ್ಲಿ ಒಂದು ಆಯುಸ್ಸು ಮುಗಿದು ಕೊಳಲು ನಿಲ್ಲುತ್ತದೆ. ಅದನ್ನು ಬರೆದ ಮಹಾನುಭಾವ ಯಾರೋ, ಬರೆದು ಮುಗಿಸಿ ಮನೆಗೆ ಹೋಗಿ ಹೆಂಡತಿ ಬಡಿಸಿದ್ದನ್ನು ಉಂಡು ಮಲಗಿರುತ್ತಾನೆ. ಕಾಯುವ ಕೆಲಸವನ್ನು ಈ ಹಾಡು ಬರೆಯುವವರೆಲ್ಲ ಹೆಂಗಸರಿಗೇ ಯಾಕೆ ವಹಿಸಿದರೋ. ಆಗ ನಾನೂ ಆ ಹಾಡಿಗೆ ದನಿಗೂಡಿಸುತ್ತಿದ್ದೆ. ಈಗ ಮೈ ಉರಿಯುತ್ತದೆ.

ನನ್ನ ಎಂ.ಎ. ಎರಡನೇ ವರ್ಷದ ದೀಪಾವಳಿಯ ಹೊತ್ತಿಗೆ ಅಕ್ಕ ಜ್ವರ ಬಂದು ಮಲಗಿದಳು. ವಾಸಿಯಾದರೂ ಮೊದಲಿನ ಗೆಲುವು ಇರಲಿಲ್ಲ. ಊಟ ಕಲೆಸಿಕೊಂಡು ಹಾಗೇ ಕೂತಿರುತ್ತಿದ್ದಳು. ಒಂದು ದಿನ ಫಾಲ್ ಹಾಕುತ್ತಾ ತಲೆಯೆತ್ತದೆ ಹೇಳಿದಳು, ತನ್ನ ಹೆಸರು ಅಷ್ಟು ಸಲ ಬಂತಲ್ಲ, ಅವರೂ ಒಂದೇ ಒಂದು ಕಾರ್ಡು ಹಾಕಿದ್ದರೆ ಸಾಕಿತ್ತು, ಇದ್ದಾರೆ ಅಂತಾದರೂ ಗೊತ್ತಾಗುತ್ತಿತ್ತು ಎಂದು. ಅವಳ ಕೈ ಹೊಲಿಗೆ ಬಿಡಲಿಲ್ಲ. ನನಗೆ ತಡೆಯಲಾಗಲಿಲ್ಲ.

ಮಾರನೆಯ ದಿನ ಕಾಲೇಜಿನಿಂದ ಬರುವಾಗ ಒಂದು ಕಾರ್ಡು ಕೊಂಡೆ. ಆ ಹಾಡು, ಆ ಚಿತ್ರ, ಕೊಳ್ಳೇಗಾಲ, ಅವನ ಹೆಸರು. ಅಕ್ಷರವನ್ನು ಎಡಕ್ಕೆ ವಾಲಿಸಿ ಬರೆದೆ. ಯಾರ ಕಣ್ಣು ತಪ್ಪಿಸಲು ಎಂದು ಕೇಳಬೇಡಿ, ಆ ಕಾರ್ಡು ಅಕ್ಕನ ಕೈಗೆ ಬರುವುದೇ ಇಲ್ಲ ಎಂಬ ಬುದ್ಧಿಯೂ ಓಡಲಿಲ್ಲ. ಬಸ್ಸಿಗೆ ಹೋಗುವ ದಾರಿಯ ಅಂಚೆ ಡಬ್ಬಿಗೆ ಹಾಕಿದಾಗ ದೊಡ್ಡ ಪುಣ್ಯದ ಕೆಲಸ ಮಾಡಿದ ಹಾಗೆ ಎದೆ ಹಗುರವಾಯಿತು. ಐದಾರು ವಾರ ಕಳೆಯಿತು. ರೇಡಿಯೋದಲ್ಲಿ ಆ ಕಾರ್ಡು ಓದಲಿಲ್ಲ. ಎಲ್ಲೋ ಕಳೆದುಹೋಗಿದೆ ಎಂದುಕೊಂಡು ನಾನೂ ಮರೆತೆ.

ಆ ನಡುವೆ ಅಕ್ಕನಿಗೆ ಒಂದು ಸಂಬಂಧ ಬಂತು. ನಂಜನಗೂಡಿನ ಕಡೆಯವರು, ಮಠದ ಶಾಲೆಯೊಂದರಲ್ಲಿ ಮೇಷ್ಟ್ರು. ಮೂವತ್ತೈದು ದಾಟಿತ್ತು, ತಂಗಿಯರ ಮದುವೆ ಮುಗಿಸುವುದರಲ್ಲಿ ತಡವಾಗಿತ್ತು. ನೋಡಲು ಬಂದ ದಿನ ನಾನೇ ಕಾಫಿ ಕೊಟ್ಟೆ. ಕಡಿಮೆ ಮಾತಿನ ಮನುಷ್ಯ. ಹೊರಡುವಾಗ ಕೊಟ್ಟಿಗೆಯ ಹತ್ತಿರ ನಿಂತು ಕಾವೇರಿಯ ಕೊರಳಡಿಯ ಗಂಗೆದೊಗಲು ಸವರಿ, ಎಷ್ಟು ಹಾಲು ಕೊಡುತ್ತದೆ ಎಂದು ಅಕ್ಕನನ್ನೇ ಕೇಳಿದರು. ಅಕ್ಕ ತಲೆಯೆತ್ತಿ ಉತ್ತರ ಹೇಳಿದಳು. ಅವರ ಕಡೆಯಿಂದ ಒಪ್ಪಿಗೆ ಎರಡೇ ದಿನದಲ್ಲಿ ಬಂತು. ಬರೀ ಕಾಯಿ-ಎಲೆ ಸಾಕು, ಮತ್ತೇನೂ ಬೇಡ ಎಂದು ಹೇಳಿ ಕಳಿಸಿದ್ದರು. ಯಜಮಾನರು ಮಗಳ ಮುಂದೆ ಕೂತು, ನಿನ್ನಮ್ಮ ಇದ್ದಿದ್ದರೆ ಈ ಮಾತನ್ನ ನಾನು ಆಡಬೇಕಾಗಿರಲಿಲ್ಲ ಎಂದು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ಭಾನುವಾರ ಹೇಳುತ್ತೇನೆ ಎಂದಳು ಅಕ್ಕ. ಸೋಮವಾರ ಅವರಿಗೆ ಉತ್ತರ ಕಳಿಸಬೇಕಿತ್ತು.

ಅವರೆಕಾಯಿಯ ಕಾಲ. ಆ ಭಾನುವಾರ ನಡುಮನೆಯಲ್ಲಿ ಇಬ್ಬರೂ ಕೂತು ನೆನೆಸಿದ ಕಾಳನ್ನು ಹಿಚುಕಿ ಸಿಪ್ಪೆ ಬಿಡಿಸುತ್ತಿದ್ದೆವು. ಯಜಮಾನರು ಒಳಗೆ ಒಂದು ಗಳಿಗೆ ಅಡ್ಡಾಗಿದ್ದರು. ಅಕ್ಕ ಅವತ್ತು ಹಗುರವಾಗಿದ್ದಳು, ಅದು ನನಗೆ ಚೆನ್ನಾಗಿ ನೆನಪಿದೆ. ಯಾವುದೋ ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದಳು. ಪಕ್ಕದಲ್ಲಿ ರೇಡಿಯೋ ಹಾಡುತ್ತಿತ್ತು. ನಾವು ಕಿವಿಗೊಟ್ಟಿರಲಿಲ್ಲ.

ಆಗ ಆ ಹಾಡಿನ ಹೆಸರು ಬಂತು. ಕೇಳಬಯಸಿದವರು ಕೊಳ್ಳೇಗಾಲದಿಂದ, ಎಂದು ಹೇಳಿ ಅವನ ಹೆಸರು ಓದಿದರು. ಅದರ ಬೆನ್ನಿಗೇ ಬೋಗಾದಿಯಿಂದ ಎಂದು ಅಕ್ಕನ ಹೆಸರು, ನನ್ನ ಹೆಸರು, ಕಾವೇರಿ. ಮಾಮೂಲಿನ ಹಾಗೆ ಅವಳೂ ಕಾರ್ಡು ಹಾಕಿದ್ದಳಲ್ಲ… ಆ ಹೆಂಗಸು ನಾಲ್ಕು ಹೆಸರನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದರು.

ಅಕ್ಕನ ಬೆರಳ ನಡುವಿನ ಕಾಳು ಜಾರಿ ಚಾಪೆಯ ಮೇಲೆ ಬಿತ್ತು. ಹಾಡು ಎರಡನೇ ಚರಣಕ್ಕೆ ಬಂದಾಗ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಒದ್ದೆಯಾಗಿ ತಣ್ಣಗಿತ್ತು.

"ಕೇಳಿಸ್ತೇನೇ? ಮರ್ತಿಲ್ಲ ಕಣೇ ಅವ್ರು. ಮರ್ತಿಲ್ಲ."

ಹೇಳಿಬಿಡಬೇಕಾಗಿದ್ದದ್ದು ಆಗಲೇ. ಅಕ್ಕಾ, ಅದು ನಾನು ಬರೆದದ್ದು, ಎರಡು ಮಾತು, ಅಷ್ಟೇ. ಬಾಯಿಯವರೆಗೆ ಬಂತು. ನಾನು ತಲೆ ತಗ್ಗಿಸಿ ಕಾಳು ಹಿಚುಕಿದೆ. ಸಂಜೆ ಅಕ್ಕ ಅಪ್ಪನಿಗೆ ಬೇಡ ಎಂದಳು. ಯಜಮಾನರು ನನ್ನನ್ನು ಕರೆದು ಇವಳಿಗೆ ಇದ್ದಕ್ಕಿದ್ದಂತೆ ಏನಾಯಿತಮ್ಮ, ನಿನಗೇನಾದರೂ ಗೊತ್ತಾ ಎಂದು ಕೇಳಿದರು. ಆ ಮುದುಕರ ಮುಖ ನೋಡಿಕೊಂಡು ನನಗೆ ಗೊತ್ತಿಲ್ಲ ಎಂದೆ. ಆ ಮೇಷ್ಟ್ರಿಗೆ ಯುಗಾದಿ ಕಳೆಯುತ್ತಿದ್ದಂತೆ ಬೇರೆ ಕಡೆ ಮದುವೆಯಾಯಿತು.

ಪರೀಕ್ಷೆ ಮುಗಿಸಿ ನಾನು ರೂಮು ಬಿಟ್ಟೆ. ಹುಣಸೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗುವಾಯಿತು. ಪತ್ರ ಬರೆಯುತ್ತೇನೆ ಎಂದು ಬಂದವಳು ಒಂದೂ ಬರೆಯಲಿಲ್ಲ. ಆದರೆ ಭಾನುವಾರ ಅಡುಗೆ ಮನೆಯಲ್ಲಿ ರೇಡಿಯೋ ಹಾಕಿದರೆ ಬೋಗಾದಿ ಬರುತ್ತಿತ್ತು. ಮೊದಲು ಮೂರೂ ಹೆಸರು. ಆಮೇಲೆ ನನ್ನ ಹೆಸರು ಬಿಟ್ಟುಹೋಯಿತು. ಕೆಲವು ವರ್ಷ ಅಕ್ಕ, ಕಾವೇರಿ ಇಬ್ಬರೇ. ಒಂದು ದಿನ ಕಾವೇರಿಯೂ ಇಲ್ಲ, ಅಕ್ಕನ ಹೆಸರೊಂದೇ… ಆವತ್ತು ರೇಡಿಯೋ ಆರಿಸಿದೆ. ಮಾರನೆಯ ದಿನ ತರಗತಿಗೆ ಹೋಗಿ ವಿರಹದ ಪದ್ಯ ಪಾಠ ಮಾಡಿದೆ. ಕಾಯುವುದರಲ್ಲೇ ಪ್ರೇಮದ ಸಾರ್ಥಕತೆ ಇದೆ ಎಂದು ಬರೆದ ಮಕ್ಕಳಿಗೆ ಹತ್ತಕ್ಕೆ ಎಂಟು ಕೊಟ್ಟೆ. ನಾಚಿಕೆಯಾಗುತ್ತಿತ್ತು, ಆದರೂ ಕೊಟ್ಟೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ನಾವು ಮೈಸೂರಿಗೆ ಬಂದೆವು. ದಟ್ಟಗಳ್ಳಿಯಲ್ಲಿ ತೆಗೆದುಕೊಂಡ ಸೈಟಿನ ನಕ್ಷೆಗಾಗಿ ಸರ್ವೇ ಕಚೇರಿಗೆ ಹೋದಾಗ ಒಂದು ಮೇಜಿನ ಮೇಲೆ ಹೆಸರಿನ ಫಲಕ ನೋಡಿ ನಿಂತೆ. ಒಮ್ಮೆ ನಾನೇ ಅಕ್ಷರ ವಾಲಿಸಿ ಬರೆದಿದ್ದ ಹೆಸರು. ಬೋಗಾದಿಯಲ್ಲಿ ರೂಮು ಮಾಡಿದ್ದಿರಾ ಎಂದು ಕೇಳಿದೆ. ಮನುಷ್ಯ ಖುಷಿಯಾದ. ಕುರ್ಚಿ ಎಳೆದು ಕೂರಿಸಿ ಟೀ ತರಿಸಿದ. ಆ ಮನೆಯ ಹಿತಕಿದ ಬೇಳೆ ಸಾರು ನೆನೆದ. ನಿಮ್ಮ ರೇಡಿಯೋ ಇನ್ನೂ ಅಲ್ಲೇ ಇದೆ ಎಂದೆ.

"ರೇಡಿಯೋನಾ? ಅದು ಕೆಟ್ಟೋಗಿತ್ತಲ್ಲ ಮೇಡಂ, ಹೊರೋದ್ಯಾಕೆ ಅಂತ ಅಲ್ಲೇ ಬುಟ್ಟು ಬಂದೆ" ಎಂದು ನಕ್ಕ. ಕೊಳ್ಳೇಗಾಲದಲ್ಲಿ ಭಾನುವಾರದ ಹಾಡು ಕೇಳುತ್ತಿದ್ದಿರಾ ಎಂದು ಕೇಳಿದೆ. ಭಾನುವಾರ ಬಂದರೆ ಊರಿಗೆ ಓಡುತ್ತಿದ್ದನಂತೆ, ಕೊಳ್ಳೇಗಾಲಕ್ಕೆ ವರ್ಗವಾದ ವರ್ಷವೇ ಊರಿನಲ್ಲಿ ಮದುವೆಯೂ ಆಯಿತಂತೆ. ಆಮೇಲೆ, ಆ ಮನೆಯ ಮಗಳು ಯಾವ ಊರಿಗೆ ಹೋದಳು ಎಂದು ಅವನೇ ವಿಚಾರಿಸಿದ. ಮದುವೆಯಾಗಿಲ್ಲ, ಅಲ್ಲೇ ಇದ್ದಾರೆ ಎಂದೆ.

"ಅಯ್ಯೋ, ಯಾಕ್ ಮೇಡಂ? ಒಳ್ಳೆ ಹುಡ್ಗಿ ಕಣ್ರೀ ಅದು."

ಅವನ ಮುಖದಲ್ಲಿದ್ದದ್ದು ನಿಜವಾದ ಮರುಕವೇ. ಒಂದು ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಹಾಗೆ ಬಾರಿಸುವ ಹಕ್ಕು ನನಗೆಲ್ಲಿತ್ತು? ಅವನು ಅವಳನ್ನು ಎರಡು ವರ್ಷ ಕಾಯಿಸಿದ್ದ. ಉಳಿದದ್ದೆಲ್ಲ ನನ್ನದು. ಟೀ ಅರ್ಧಕ್ಕೇ ಬಿಟ್ಟು ಎದ್ದು, ಸೀದಾ ಬೋಗಾದಿಗೆ ಆಟೋ ಹಿಡಿದೆ.

ಹೊಲಗಳಿದ್ದ ಕಡೆ ಮನೆಗಳು ಎದ್ದಿದ್ದವು. ಕೊಟ್ಟಿಗೆಯ ಜಾಗದಲ್ಲಿ ಎರಡು ರೂಮು ಕಟ್ಟಿಸಿ ಓದುವ ಹುಡುಗರಿಗೆ ಕೊಟ್ಟಿದ್ದರು. ಯಜಮಾನರ ಫೋಟೋಗೆ ಹೂವಿನ ಹಾರ ಬಿದ್ದಿತ್ತು. ಅಕ್ಕ ಕನ್ನಡಕದ ಮೇಲಿಂದ ನೋಡಿ ಗುರುತು ಹಿಡಿದು, ಇಷ್ಟು ವರ್ಷಕ್ಕೆ ದಾರಿ ಸಿಕ್ತಾ ಎಂದು ಬೈದು ಒಳಗೆ ಕರೆದಳು. ಕಾಫಿ ಕೊಡುತ್ತಾ ತಾನಾಗಿಯೇ ಹೇಳಿದಳು, ಅವರು ಆಮೇಲೆ ಮತ್ತೆ ಕಾರ್ಡು ಹಾಕಲಿಲ್ಲ, ಮನೆಯಲ್ಲಿ ತುಂಬ ಕಟ್ಟುನಿಟ್ಟು ಮಾಡಿರಬೇಕು ಎಂದು.

ನಾನು ಹೇಳಿದೆ. ಕಾರ್ಡು ಕೊಂಡದ್ದರಿಂದ ಹಿಡಿದು ಆ ದಿನ ಕಚೇರಿಯಲ್ಲಿ ಕೇಳಿದ್ದರವರೆಗೆ ಎಲ್ಲ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ, ಅವನ ವಿಷಯ ಮತ್ತೆ ಮತ್ತೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಮಡಿಲಲ್ಲಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಕನ್ನಡಕ ತೆಗೆದಳು. ಅವನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಆ ಮೇಷ್ಟ್ರು ಈಗ ಎಲ್ಲವ್ರೆ, ಗೊತ್ತೇನೇ ನಿಂಗೆ?"

ಗೊತ್ತಿಲ್ಲ ಎಂದೆ.

"ಅವತ್ತು ಹ್ಞೂ ಅನ್ಬೇಕು ಅಂತಿದ್ದೆ ಕಣೇ. ಬೆಳಗ್ಗೇನೇ ತೀರ್ಮಾನ ಮಾಡ್ಬುಟ್ಟಿದ್ದೆ. ಅಪ್ಪಾಜಿ ಎದ್ದು ಕಾಫಿ ಕುಡಿಯೋವಾಗ ಹೇಳೋಣ ಅಂತಿದ್ದೆ."

ಆ ಭಾನುವಾರ ಅವಳು ಸೀರೆಯ ಬಣ್ಣದ ಬಗ್ಗೆ ಯಾಕೆ ಮಾತಾಡುತ್ತಿದ್ದಳು ಎಂಬುದು ಅಷ್ಟು ವರ್ಷದ ಮೇಲೆ ತಿಳಿಯಿತು. ಅವಳು ಕಾಯುವುದನ್ನು ಬಿಟ್ಟಾಗಿತ್ತು. ಎಲ್ಲ ಹೆಣ್ಣುಮಕ್ಕಳ ಹಾಗೆ ಎದ್ದು ನಡೆಯಲು ಸಿದ್ಧವಾಗಿದ್ದವಳನ್ನು ಮತ್ತೆ ಆ ಹಾಡಿನೊಳಗೆ ತಳ್ಳಿ ಬಾಗಿಲು ಹಾಕಿದವಳು ನಾನು.

ಕನ್ನಡಕ ಮತ್ತೆ ಹಾಕಿಕೊಂಡು ಅಕ್ಕ ಇನ್ನೊಂದು ಮಾತು ಕೇಳಿದಳು, "ಅವತ್ತೇ ಯಾಕೆ ಹೇಳ್ಲಿಲ್ಲ?" ದನಿಯಲ್ಲಿ ಕೋಪವಿರಲಿಲ್ಲ. ನೀವು ಅಷ್ಟು ಸಂತೋಷವಾಗಿದ್ದಿರಿ ಅಕ್ಕಾ, ಅದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ… ಬಾಗಿಲವರೆಗೆ ಬಂದು ಕಳಿಸಿಕೊಟ್ಟಳು, ಮತ್ತೆ ಬಾ ಎನ್ನಲಿಲ್ಲ. ನಾನೂ ಹೋಗಲಿಲ್ಲ. ಅದಾದ ಮೇಲೆ ರೇಡಿಯೋದಲ್ಲಿ ಬೋಗಾದಿಯಿಂದ ಅವಳ ಹೆಸರು ಬಂದದ್ದನ್ನು ನಾನು ಕೇಳಿಲ್ಲ.

ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ನನಗೆ ತಿಳಿದದ್ದು ತಿಂಗಳ ಮೇಲೆ, ತರಕಾರಿ ಅಂಗಡಿಯಲ್ಲಿ ಸಿಕ್ಕ ಬೋಗಾದಿಯವರೊಬ್ಬರಿಂದ. ನನ್ನ ಮನೆಯಿಂದ ಅವರ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಅವಳಿಗೆ ಕೊಟ್ಟ ಉತ್ತರವನ್ನು ತಿದ್ದಲು ಅಷ್ಟು ವರ್ಷ ಸಮಯವಿತ್ತು, ತಿದ್ದಲಿಲ್ಲ. ಇನ್ನು ಕೇಳುವವರಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಅಕ್ಕಾ, ನಿಮ್ಮ ಸಂತೋಷ ನೋಡಿ ನಾನು ಸುಮ್ಮನಾಗಲಿಲ್ಲ. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಉಳಿದಿತ್ತು. ನಿಜ ಹೇಳಿದರೆ ನೀವು ರೂಮು ಬಿಡಿಸುತ್ತೀರಿ ಎಂದು ಹೆದರಿದೆ.